ಪಾನಾ ಹಿಡಿಯಾಕ ನಾಚಿಕಿ ಯಾಕ?

ಲಕ್ಕುಂಡಿಯಲ್ಲಿ ನಮ್ಮ ಗೆಳೆಯನ ಮನೆ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಒಂದು ಬಿಳಿ ಮಾರುತಿ 800 ನಿಂತಿದೆ. 1996ರ ಗಾಡಿ, ಕಾರ್ಬ್ಯುರೇಟರ್ ಇರುವಂಥದ್ದು. ಅವನ ಅಜ್ಜ ತೀರಿಕೊಂಡ ಮೇಲೆ ಆರು ವರ್ಷ ಅದನ್ನ ಯಾರೂ ಸ್ಟಾರ್ಟ್ ಮಾಡಿರಲಿಲ್ಲ. ಗುಜರಿಗೆ ಹಾಕುವ ಮಾತು ಬಂದಾಗ ನಾವು ನಾಲ್ಕು ಮಂದಿ, "ಒಂದು ಸೆಮಿಸ್ಟರ್ ಟೈಮ್ ಕೊಡ್ರಿ, ನಾವ ರಿಪೇರಿ ಮಾಡತೀವಿ" ಅಂತ ಜಂಬದಿಂದ ಹೇಳಿಬಿಟ್ಟೆವು. ಮೊದಲ ಭಾನುವಾರ ಬಾನೆಟ್ ಎತ್ತಿದಾಗ ನಮ್ಮ ಬಂಡವಾಳ ಗೊತ್ತಾಯಿತು. ಐದು ಸೆಮಿಸ್ಟರ್ ಓದಿದ ನಾಲ್ವರ ಹತ್ತಿರ ಇದ್ದದ್ದು ಒಂದು ಅಡ್ಜಸ್ಟಬಲ್ ಪಾನಾ, ಒಂದು ಸ್ಕ್ರೂಡ್ರೈವರ್. ಒಂದೇ ತಾಸಿನಲ್ಲಿ ಒಂದು ಬೋಲ್ಟಿನ ತಲೆ ಸವೆಸಿ ದುಂಡಗೆ ಮಾಡಿ ಬಸ್ ಹತ್ತಿದೆವು.

ಆಮೇಲೆ ಎಲ್ಲರೂ ಮಾಡುವ ತಪ್ಪನ್ನೇ ನಾವೂ ಮಾಡಿದೆವು. ದುಡ್ಡು ಕೂಡಿಸಿ ಆನ್‌ಲೈನ್‌ನಲ್ಲಿ ನೂರೆಂಟು ಪೀಸಿನ ಅಗ್ಗದ ಸೆಟ್ ತರಿಸಿದೆವು. ಡಬ್ಬಿ ನೋಡಲಿಕ್ಕೆ ಭಾರಿ ಚೆಂದ. ಅದರೊಳಗಿನ ಮುಕ್ಕಾಲು ಪಾಲು ಈ ಗಾಡಿಗೆ ಬೇಕೇ ಇರಲಿಲ್ಲ, ಬೇಕಾಗಿದ್ದ ಸಾಕೆಟ್ ಎರಡನೇ ವಾರವೇ ಸೀಳಿತು. ಗದಗಿನಲ್ಲಿ ನಮಗೆ ಪರಿಚಯದ ಹಿರಿಯ ಮಿಸ್ತ್ರಿ ಒಬ್ಬರು ಅದನ್ನ ನೋಡಿ ನಕ್ಕು, "ಮೊದಲ ಗಾಡಿ ಏನ್ ಕೇಳತೈತಿ ನೋಡ್ರೆಪಾ, ಆಮ್ಯಾಲೆ ಪಾನಾ ತಗೋರಿ" ಅಂದರು. ನಾವು ಈ ಲೇಖನದಲ್ಲಿ ಹೇಳಬೇಕಾಗಿರುವುದೂ ಇದನ್ನೇ. ಟೂಲ್ ಕಿಟ್ ಒಂದೇ ಸಲಕ್ಕೆ ಕೊಳ್ಳುವ ವಸ್ತು ಅಲ್ಲ. ಕೆಲಸ ಕೇಳಿದ ಹಾಗೆ ಒಂದೊಂದೇ ಕೂಡಿಸುತ್ತಾ ಹೋಗಬೇಕು. ಹಾಗೆ ಕೂಡಿಸುವುದು ಇಂಜಿನಿಯರಿಂಗ್ ಓದುವವರೇ ಮಾಡಬೇಕಾದ ಕೆಲಸ.

ಗಾಡಿ ಕೇಳೋದು ಅಂದರೆ ಏನು? ನೆಟ್‌ನಲ್ಲಿ ಸಿಗುವ ಹಳೇ ಕಾರಿನ ಟೂಲ್ ಪಟ್ಟಿಗಳಲ್ಲಿ ಬಹಳಷ್ಟು ಇಂಗ್ಲೆಂಡಿನ ಗಾಡಿಗಳಿಗೆ ಬರೆದವು, ಅವುಗಳ ಬೋಲ್ಟು ಇಂಚಿನ ಲೆಕ್ಕದವು. ಮಾರಿಸ್ ಆಕ್ಸ್‌ಫರ್ಡ್‌ನಿಂದ ಹುಟ್ಟಿದ ನಮ್ಮ ಹಳೇ ಅಂಬಾಸಿಡರ್‌ನದೂ ಅದೇ ಕಥೆ. ಅರ್ಧ ಇಂಚು ಅಂದರೆ 12.7 ಮಿ.ಮೀ. ಅದಕ್ಕೆ 13ರ ಪಾನಾ ಹಾಕಿದರೆ ಕೂತಂತೆ ಕಾಣುತ್ತದೆ. ಆದರೆ ಆ 0.3 ಮಿ.ಮೀ. ಸಡಿಲದಿಂದ ಬಲ ಅಂಚಿನ ಮೇಲೆ ಬೀಳದೆ ಮೂಲೆಯ ಮೇಲೆ ಬೀಳುತ್ತದೆ, ತಲೆ ದುಂಡಗಾಗುತ್ತದೆ. ನಾವು ಮೊದಲ ದಿನ ಮಾಡಿದ್ದು ಇದನ್ನೇ.

ಮಾರುತಿ 800 ಸುಜುಕಿಯ ಗಾಡಿ, ಪೂರ್ತಿ ಮೆಟ್ರಿಕ್. 8, 10, 12, 14, 17, 19, ಈ ಆರು ಅಳತೆಯ ಒಳ್ಳೇ ಪಾನಾ ಇದ್ದರೆ ಅದರ ಬಹುಪಾಲು ಕೆಲಸ ಆಗುತ್ತದೆ. ಯುರೋಪಿನ ಗಾಡಿಯಲ್ಲಿ ಎಂಟು ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 13ರ ತಲೆ, ಜಪಾನಿನದರಲ್ಲಿ 12ರದು. ಮಷೀನ್ ಡ್ರಾಯಿಂಗ್ ಪರೀಕ್ಷೆಯಲ್ಲಿ ಬೋಲ್ಟ್ ಬರೆದು ಮಾರ್ಕ್ಸ್ ತಗೊಂಡ ನಮಗೆ ಇದು ತಿಳಿದದ್ದು ಆ ಶೆಡ್ಡಿನಲ್ಲಿ.

ಇಲ್ಲಿಯವರೆಗೆ ನಮ್ಮ ಡಬ್ಬಿಯಲ್ಲಿ ಏನೇನು ಸೇರಿದೆ, ಯಾಕೆ ಸೇರಿದೆ ಅನ್ನೋದನ್ನ ಹೇಳುತ್ತೇವೆ. ಮೊದಲು ಬಂದದ್ದು ಪಾನಾ ಅಲ್ಲ, ಎರಡು ಜಾಕ್ ಸ್ಟ್ಯಾಂಡ್. ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗಬಾರದು. ಇಟ್ಟಿಗೆ ಜೋಡಿಸುವುದು ಅದಕ್ಕಿಂತ ಕೆಟ್ಟದ್ದು, ಇಟ್ಟಿಗೆ ಒಮ್ಮೆಲೇ ಪುಡಿಯಾಗುತ್ತದೆ. ನಂತರ ಆ ಆರು ಪಾನಾ, ಒಂದು ಕಡೆ ರಿಂಗ್, ಇನ್ನೊಂದು ಕಡೆ ಬಾಯಿ ಇರುವಂಥವು. ಬಿಗಿದದ್ದನ್ನ ರಿಂಗಿನಿಂದಲೇ ಸಡಿಲ ಮಾಡಬೇಕು, ಬಾಯಿ ಬರೀ ತಿರುಗಿಸಿ ತೆಗೆಯಲಿಕ್ಕೆ. ಬ್ಯಾಟರಿ ಬಿಚ್ಚಲು 10ರದು ಸಾಕು. ಮೊದಲು ನೆಗೆಟಿವ್ ಬಿಚ್ಚಬೇಕು. ಪಾಸಿಟಿವ್ ಮೊದಲು ಬಿಚ್ಚುವಾಗ ಪಾನಾ ಬಾಡಿಗೆ ತಾಗಿದರೆ ಶಾರ್ಟ್ ಆಗುತ್ತದೆ.

ಮೂರನೆಯದು ಗೋಟಿ ಪಾನಾ, ಅಂದರೆ ಸಾಕೆಟ್, ಜೊತೆಗೊಂದು ಎಕ್ಸ್‌ಟೆನ್ಷನ್. ಹನ್ನೆರಡು ಮೂಲೆಯದಕ್ಕಿಂತ ಆರು ಮೂಲೆಯದು ತುಕ್ಕು ಹಿಡಿದ ಬೋಲ್ಟಿಗೆ ಒಳ್ಳೇದು. ಸ್ಪಾರ್ಕ್ ಪ್ಲಗ್ಗಿಗೆ ಒಳಗೆ ರಬ್ಬರ್ ಇರುವ ಬೇರೆ ಸಾಕೆಟ್ ಬೇಕು. ಪ್ಲಗ್ ಮರಳಿ ಹಾಕುವಾಗ ಮೊದಲು ಕೈಯಿಂದಲೇ ತಿರುಗಿಸಬೇಕು, ಯಾಕಂದರೆ ಹೆಡ್ ಅಲ್ಯುಮಿನಿಯಮ್ಮಿನದು. ಅಡ್ಡಡ್ಡ ಹತ್ತಿಸಿದರೆ ಥ್ರೆಡ್ ಹೋಯಿತು ಅಂತಲೇ ತಿಳೀರಿ. ಪ್ಲಗ್ಗಿನ ಗ್ಯಾಪ್ ನೋಡಲು ಫೀಲರ್ ಗೇಜ್. ಕಾರ್ಬ್ಯುರೇಟರ್ ಮೇಲಿನ ಪ್ಲಸ್ ಸ್ಕ್ರೂಗಳು ಜಪಾನಿನ ಅಳತೆಯವು. ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಿಂದ ಜಾರಿ ಮೇಲೆದ್ದು ತಲೆ ಕೆಡಿಸುತ್ತದೆ, ಹಾಗಾಗಿ ಜೆಐಎಸ್ ತುದಿಯದೇ ತಂದೆವು. ಮಲ್ಟಿಮೀಟರ್ ನಮ್ಮ ಇಲೆಕ್ಟ್ರಾನಿಕ್ಸ್ ಗೆಳತಿಯದು, ತುಕ್ಕು ಬಿಡಿಸುವ ಎಣ್ಣೆ, ತಂತಿ ಬ್ರಷ್ ಬಜಾರಿನವು. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅವರ ಅಮ್ಮ ಕೊಟ್ಟ ಹಳೇ ಇಡ್ಲಿ ಪ್ಲೇಟು. ಬಿಚ್ಚಿದ ನಟ್ಟು ಬೋಲ್ಟುಗಳನ್ನ ಬಿಚ್ಚಿದ ಕ್ರಮದಲ್ಲೇ ಒಂದೊಂದು ಕುಳಿಯಲ್ಲಿ ಇಡುತ್ತೇವೆ. ಟಾರ್ಕ್ ರೆಂಚ್ ತುಟ್ಟಿ, ಅದನ್ನ ಮಿಸ್ತ್ರಿಯವರಿಂದಲೇ ಎರವಲು ತರುತ್ತೇವೆ. ಬ್ರೇಕಿನ ಕೆಲಸ ಮಾತ್ರ ಅವರು ಎದುರಿಗೆ ನಿಂತಾಗಲೇ ಮಾಡುತ್ತೇವೆ, ಅದರಲ್ಲಿ ಜಂಬ ಬೇಡ.

"ಇದು ಇವಿ ಕಾಲ, ಕಾರ್ಬ್ಯುರೇಟರ್ ಕಟ್ಟಿಕೊಂಡು ಏನ್ ಮಾಡ್ತೀರಿ?" ಅಂತ ಕ್ಲಾಸಿನಲ್ಲಿ ಕೇಳುತ್ತಾರೆ. ಪ್ರಶ್ನೆ ಸರಿಯೇ ಇದೆ. ಆದರೆ ಇವಿಯಲ್ಲೂ ಬೋಲ್ಟ್ ಇದೆ, ಟಾರ್ಕ್ ಇದೆ, ಬೇರಿಂಗ್ ಇದೆ, ಬ್ರೇಕ್ ಇದೆ. ಮತ್ತೆ, ಕಲಿಯಲಿಕ್ಕೆ ಇದಕ್ಕಿಂತ ಸುಲಭದ ಗಾಡಿ ಎಲ್ಲಿ ಸಿಗುತ್ತದೆ? 796 ಸಿಸಿ, ಮೂರೇ ಸಿಲಿಂಡರ್, ಕೈ ಹಾಕಿದರೆ ಎಲ್ಲಾ ಭಾಗ ಸಿಗುತ್ತದೆ. 1983ರ ಡಿಸೆಂಬರಿನಲ್ಲಿ ರಸ್ತೆಗೆ ಬಂದು 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವಷ್ಟರಲ್ಲಿ 25 ಲಕ್ಷಕ್ಕೂ ಮೀರಿ ತಯಾರಾದ ಕಾರು ಇದು. ಬಿಡಿಭಾಗ ಹುಬ್ಬಳ್ಳಿಯಲ್ಲಿ ಈಗಲೂ ಸಿಗುತ್ತವೆ.

ನಮ್ಮನ್ನ ನಿಜವಾಗಿ ಚುಚ್ಚಿದ್ದು ಇನ್ನೊಂದು ಮಾತು. ಕೈಯೆಲ್ಲಾ ಗ್ರೀಸು ಮಾಡಿಕೊಂಡು ಮನೆಗೆ ಹೋದಾಗ ನಮ್ಮಲ್ಲಿ ಒಬ್ಬನ ಅಪ್ಪ, "ಪಾನಾ ಹಿಡಿಯಾಕ ನಿನಗ ಇಂಜಿನಿಯರಿಂಗ್ ಓದಸಾಕತ್ತೀನೇನು?" ಅಂದರು. ಅವರದು ತಪ್ಪು ಅನ್ನೋಕೆ ಬಾಯಿ ಬರಲಿಲ್ಲ. ಸಾಲ ಮಾಡಿ ಫೀ ಕಟ್ಟಿದವರಿಗೆ ಗ್ರೀಸಿನ ಕೈ ಅಂದರೆ ಓದದೆ ಉಳಿದವರ ಕೈ. ಆದರೆ ಅದೇ ಲಕ್ಕುಂಡಿಯಲ್ಲಿ ಕಾಶಿವಿಶ್ವೇಶ್ವರ ಗುಡಿ ಇದೆ. ಕಲ್ಯಾಣ ಚಾಲುಕ್ಯರ ಕಾಲದವರು ಬಳಪದ ಕಲ್ಲನ್ನ ಲೇತ್‌ನಲ್ಲಿ ತಿರುಗಿಸಿದ ಹಾಗೆ ಕಡೆದ ಕಂಬಗಳನ್ನ ನೋಡಲಿಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ನಾವೂ ಫೋಟೋ ಹಾಕುತ್ತೇವೆ. ಉಳಿ ಹಿಡಿದ ಕೈಯನ್ನ ಹೊಗಳಿ ಪಾನಾ ಹಿಡಿದ ಕೈಗೆ ನಾಚಿಕೊಳ್ಳುವುದು ಯಾವ ನ್ಯಾಯ? ಡಿಸೈನ್ ಮಾಡುವವರಿಗೆ ಪಾನಾ ತಿರುಗಿಸಲು ಎಷ್ಟು ಜಾಗ ಬೇಕು ಅನ್ನೋದೇ ಗೊತ್ತಿಲ್ಲದಿದ್ದರೆ, ಅದರ ಕಷ್ಟ ಅನುಭವಿಸೋದು ಯಾವುದೋ ಊರಿನ ಮಿಸ್ತ್ರಿ.

ಅದಕ್ಕೆ ನಮ್ಮದೊಂದು ಸಲಹೆ. ಪ್ರತಿ ಬ್ರಾಂಚಿನವರು ಫೇರ್‌ವೆಲ್ ಖರ್ಚಿನಲ್ಲಿ ಸ್ವಲ್ಪ ಉಳಿಸಿ ಜೂನಿಯರ್‌ಗಳಿಗೆ ಒಂದು ಟೂಲ್ ಡಬ್ಬಿ ಶುರು ಮಾಡಿಕೊಡಲಿ. ಆರು ಪಾನಾ, ಎರಡು ಜಾಕ್ ಸ್ಟ್ಯಾಂಡ್, ಯಾರು ಒಯ್ದರು ಅಂತ ಬರೆಯಲು ಒಂದು ನೋಟ್‌ಬುಕ್, ಇಷ್ಟರಿಂದ ಸಾಕು. ಮುಂದಿನ ಬ್ಯಾಚು ತಮ್ಮ ಕೆಲಸಕ್ಕೆ ಬೇಕಾದ ಒಂದೆರಡು ಸೇರಿಸಲಿ. ಹಾಸ್ಟೆಲಿನಲ್ಲಿ ಕೆಟ್ಟು ನಿಂತ ಬೈಕು, ಸೈಕಲ್ಲು, ಪಂಪು, ಕೆಲಸಕ್ಕೇನೂ ಬರ ಇಲ್ಲ.

ಲಕ್ಕುಂಡಿಯ ಗಾಡಿ ಹೋದ ವಾರ ಸ್ಟಾರ್ಟ್ ಆಯಿತು, ಎರಡು ನಿಮಿಷ ಓಡಿ ನಿಂತಿತು. ಟ್ಯಾಂಕಿನ ಕಸ ಕಾರ್ಬ್ಯುರೇಟರಿಗೆ ಬರುತ್ತಿದೆ ಅಂತ ನಮ್ಮ ಅನುಮಾನ. ಆ ಎರಡು ನಿಮಿಷ ಅಜ್ಜಿ ಹಿತ್ತಲ ಬಾಗಿಲಲ್ಲಿ ಬಂದು ನಿಂತಿದ್ದರು, ಏನೂ ಮಾತಾಡಲಿಲ್ಲ. ಮುಂದಿನ ಭಾನುವಾರ ಟ್ಯಾಂಕ್ ಇಳಿಸುತ್ತೇವೆ. ಗದಗಿನಿಂದ ಬಸ್ಸಿಗೆ ಹನ್ನೆರಡು ಕಿಲೋಮೀಟರ್ ಅಷ್ಟೇ. ಬರುವವರು ಹಳೇ ಬಟ್ಟೆ ಹಾಕಿಕೊಂಡು ಬರ್ರಿ.