777 ಹಾಕಿ ಕೈತೊಳೆದುಕೊಂಡರೆ ಸಾಕೇ?

ಕನ್ನಡದ ತರುಣ ಮಿತ್ರರೇ,

ಚಾಮರಾಜಪೇಟೆಯಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ಓದಿದ್ದು ಪಿಯುಸಿ. ಕಂಪ್ಯೂಟರ್ ಪಂಡಿತ ನಾನಲ್ಲ. ಆದರೆ ಪೆಟ್ಟು ತಿಂದವನ ಮಾತಿಗೆ ಪಂಡಿತರೂ ಸ್ವಲ್ಪ ಕಿವಿಗೊಡಬೇಕು.

ನಮ್ಮಲ್ಲಿ ನಾಲ್ವರು ಡಿಟಿಪಿ ಹುಡುಗರು. ಲಿನಕ್ಸ್ ಕಂಪ್ಯೂಟರಿನಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಲಾಗಿನ್, ಎಲ್ಲರಿಗೂ ಸೇರಿ ಒಂದು ಫೋಲ್ಡರು. 'ಪರ್ಮಿಷನ್ ಇಲ್ಲ' ಎಂಬ ತಕರಾರು ದಿನಾ ಇದ್ದದ್ದೇ. ಯಾರೋ ಹೇಳಿದರು, ಫೋಲ್ಡರಿಗೆ 777 ಹಾಕಿ ಎಂದು. ಹಾಕಿದೆ. ಪ್ರೂಫ್ ಮುಗಿದು ಗಿರಾಕಿ ಒಪ್ಪಿದ ಸ್ಮರಣ ಸಂಚಿಕೆಯ ಫೈಲಿಗೆ ಮಾತ್ರ 444 ಹಾಕಿದೆ. ಓದಬಹುದು, ತಿದ್ದುವಂತಿಲ್ಲ. ಬೀಗ ಹಾಕಿದೆನೆಂದು ನೆಮ್ಮದಿಯಾಗಿ ಮಲಗಿದೆ.

ಮರುದಿನ ಫೈಲೇ ಇಲ್ಲ! ಜಾಗ ಖಾಲಿ ಮಾಡುವಾಗ ಹೊಸ ಹುಡುಗ ಅಳಿಸಿಬಿಟ್ಟಿದ್ದ. ಕೂಗಾಡಿದೆ. ನಷ್ಟವನ್ನು ಸಂಬಳದಲ್ಲಿ ಹಿಡಿಯುತ್ತೇನೆ ಎಂದೂ ಅಂದೆ. "ಬೀಗ ಹಾಕಿದ್ರೆ ಅದು ಅಳಿಸೋಕೆ ಹೇಗಣ್ಣ ಬಿಡ್ತು?" ಎಂದು ಅವನು ಕೇಳಿದ. ನನ್ನಲ್ಲಿ ಉತ್ತರ ಇರಲಿಲ್ಲ.

ಉತ್ತರ ಹುಡುಕಲು ವಾರ ಹಿಡಿಯಿತು. ನಿಮಗೆ ಎರಡು ನಿಮಿಷ ಸಾಕು, ಕೇಳಿ.

ನಮ್ಮ ಹಳೇ ಪೇಟೆಯ ವಠಾರ ನೆನಪಿಸಿಕೊಳ್ಳಿ. ಮನೆಯವನು, ವಠಾರದವರು, ಬೀದಿಯವರು. ಯುನಿಕ್ಸ್ ಕೂಡ ಹೀಗೇ ಜನರನ್ನು ಮೂರು ಪಾಲು ಮಾಡುತ್ತದೆ: ಒಡೆಯ, ಗುಂಪು, ಉಳಿದವರು. ಮೂರು ಅಂಕಿ ಅದಕ್ಕೇ. ಓದಲು 4, ಬರೆಯಲು 2, ನಡೆಸಲು 1. ಮೂರೂ ಕೂಡಿದರೆ 7. 644 ಎಂದರೆ ಒಡೆಯ ಓದಿ ಬರೆಯಬಹುದು, ಮಿಕ್ಕವರು ಓದಬಹುದು ಅಷ್ಟೇ.

ಇದು ಫೈಲಿನ ಮಾತು. ಫೋಲ್ಡರಿಗೆ ಬಂದರೆ ಅಂಕಿ ಅದೇ, ಅರ್ಥ ಬೇರೆ! ಫೋಲ್ಡರು ಒಂದು ಹೆಸರಿನ ಪಟ್ಟಿ. 4 ಇದ್ದರೆ ಪಟ್ಟಿ ಓದಬಹುದು. 1 ಇದ್ದರೆ ಒಳಗೆ ಹಾದುಹೋಗಬಹುದು. 2 ಮತ್ತು 1 ಜೊತೆಗಿದ್ದರೆ ಹೆಸರು ಸೇರಿಸಬಹುದು, ಹೊಡೆದುಹಾಕಬಹುದು. ಫೈಲು ಅಳಿಸುವುದೆಂದರೆ ಪಟ್ಟಿಯಿಂದ ಹೆಸರು ಹೊಡೆಯುವುದು. ಅಲ್ಲಿ ಕೇಳುವುದು ಫೋಲ್ಡರಿನ ಅನುಮತಿಯನ್ನು, ಫೈಲಿನದನ್ನಲ್ಲ. ನಾನು ಪೆಟ್ಟಿಗೆಗೆ ಬೀಗ ಹಾಕಿ ಪೆಟ್ಟಿಗೆಯನ್ನೇ ಬೀದಿಯಲ್ಲಿಟ್ಟಿದ್ದೆ!

ಮದ್ದು ಇದೆ. ಹುಡುಗರನ್ನೆಲ್ಲ ಒಂದು ಗುಂಪು ಮಾಡಿ, ನನ್ನ ಹೆಸರಿನಲ್ಲಿರುವ ಆ ಫೋಲ್ಡರಿಗೆ 1770 ಹಾಕಿದೆ. ಮುಂದಿನ ಆ 1 'ಸ್ಟಿಕಿ ಬಿಟ್'. ಅದಿದ್ದರೆ ಫೈಲಿನ ಒಡೆಯ, ಫೋಲ್ಡರಿನ ಒಡೆಯ ಅಥವಾ ರೂಟ್, ಇವರು ಮಾತ್ರ ಅಳಿಸಬಲ್ಲರು. ಹೊರಗಿನವರಿಗೆ ಸೊನ್ನೆ. ಮುಗಿದ ಕೆಲಸದ ಫೈಲನ್ನು ಈಗ ನನ್ನ ಹೆಸರಿನಲ್ಲೇ ಉಳಿಸುತ್ತೇನೆ.

ಇದನ್ನು ಮೊದಲೇ ಯಾಕೆ ಯಾರೂ ಬಿಡಿಸಿ ಹೇಳಲಿಲ್ಲ? 'ಚ್‌ಮಾಡ್' ಆಜ್ಞೆಯ ಇಂಗ್ಲಿಷ್ ಕೈಪಿಡಿ ತೆರೆದೆ. ಫೋಲ್ಡರಿನ 1ಕ್ಕೆ ಅಲ್ಲಿರುವ ಪದ 'ಸರ್ಚ್'. ಹುಡುಕುವುದಕ್ಕೂ ಹಾದುಹೋಗುವುದಕ್ಕೂ ಏನು ಸಂಬಂಧ ಸ್ವಾಮೀ? ಇಂಗ್ಲಿಷ್ ಬಲ್ಲವನೇ ಅಲ್ಲಿ ಎಡವುತ್ತಾನೆ. ಸರ್ಕಾರಿ ಕನ್ನಡ ಶಾಲೆಯಿಂದ ಬಂದ ನನ್ನ ಹುಡುಗನ ಗತಿ? ಅಂಕಿ ಬಾಯಿಪಾಠ ಮಾಡುತ್ತಾನೆ, ತಪ್ಪಾದರೆ ಬೈಗುಳ ತಿನ್ನುತ್ತಾನೆ. ಅವನು ದಡ್ಡನಲ್ಲ. ಅವನ ಭಾಷೆಯಲ್ಲಿ ಹೇಳದ ನಾವು ದಡ್ಡರು!

ಯುನಿಕ್ಸ್ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ. ಇಂದು ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನೊಳಗೂ ಲಿನಕ್ಸೇ ಇದೆ. ಇನ್ನೂ 'ಇದೆಲ್ಲ ಕನ್ನಡದಲ್ಲಿ ಆಗಲ್ಲ' ಎನ್ನುತ್ತೀರಾ? ನಮ್ಮ ಪೇಟೆಯಲ್ಲೇ ಇರುವ, 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ನಿಘಂಟು ಹೊರತಂದಿತು. ನಮ್ಮಿಂದ ಎರಡು ಪುಟದ ಕೈಪಿಡಿ ಆಗದೇ?

ಸಾಫ್ಟ್‌ವೇರ್ ಕೆಲಸದಲ್ಲಿರುವ ಗೆಳೆಯರೇ, ಬರೆಯಿರಿ. ಫೈಲಿಗೆ ಒಂದು ಪಟ್ಟಿ, ಫೋಲ್ಡರಿಗೆ ಇನ್ನೊಂದು ಪಟ್ಟಿ, ಬೇರೆ ಬೇರೆಯಾಗಿ. 777 ಯಾಕೆ ಅಪಾಯ ಎಂದು ದಪ್ಪ ಅಕ್ಷರದಲ್ಲಿ. ಬರೆದು ತನ್ನಿ, ಕಾಗದ ನನ್ನದು, ಶಾಯಿ ನನ್ನದು, ಅಚ್ಚು ನನ್ನದು.

ಅಂದಹಾಗೆ, ಹುಡುಗನ ಸಂಬಳದಲ್ಲಿ ಒಂದು ಪೈಸೆಯೂ ಹಿಡಿಯಲಿಲ್ಲ. ತಪ್ಪು ಅವನದಾಗಿರಲಿಲ್ಲ.