ಬೀಗದ ಕೈ ಯಾರ ಹತ್ತಿರ?

ಮೊನ್ನೆ ಸಂಜೆ ಬಳ್ಳಾರಿಯಿಂದ ಬಾದನಹಟ್ಟಿಗೆ ಹೊರಟ ಬಸ್ಸು. ಕಿಟಕಿ ಪಕ್ಕ ಶಾಲೆ ಚೀಲದ ಹುಡುಗ, ಅವನ ಪಕ್ಕ ಕಿರಾಣಿ ಅಂಗಡಿಯ ಹಿರಿಯರು. ಅವರು ಸುಮ್ಮನಿರಲಾರದೆ ಕೇಳಿದರು: "ನಿಮ್ಮ ಶಾಲಿಯಾಗ ಹೊಸ ಲ್ಯಾಬು ಬಂದೈತಂತಲ್ಲಪಾ, ಏನ್ ಕಲಿಸ್ತಾರ?"

ಹುಡುಗ ಹೇಳಿದ: "ಬೀಗ ಹಾಕ್ಯಾರ್ರಿ ತಾತ. ಸಾಹೇಬ್ರು ಬಂದಾಗ ತೆಗಿತಾರ. ನಮಗ ಮುಟ್ಟಾಕ ಬಿಡಂಗಿಲ್ಲ."

ಬಸ್ಸಿನವರೆಲ್ಲ ನಕ್ಕರು. ನಗುವ ಮಾತಲ್ಲ ಇದು.

ಕೇಂದ್ರ ಸರಕಾರದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಶುರುವಾದದ್ದು 2016ರಲ್ಲಿ. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು. 6ರಿಂದ 12ನೇ ತರಗತಿಯ ಮಕ್ಕಳು ಕೈಯಾರೆ ಮಾಡಿ ಕಲಿಯಬೇಕೆಂಬುದು ಉದ್ದೇಶ. ದೇಶದ 10,000 ಶಾಲೆಗಳಲ್ಲಿ ಇವು ಸ್ಥಾಪನೆಯಾದವು. ಐದು ವರ್ಷಗಳಲ್ಲಿ ಸರಕಾರಿ ಶಾಲೆಗಳಿಗೆ 50,000 ಲ್ಯಾಬು ಕೊಡುತ್ತೇವೆಂದು 2025ರ ಕೇಂದ್ರ ಬಜೆಟ್ಟು ಸಾರಿದೆ. ನಾಳೆ ನಮ್ಮ ಕುರುಗೋಡು, ಸಿರುಗುಪ್ಪ ಸೀಮೆಯ ಹಳ್ಳಿಗಳ ಸರದಿಯೂ ಬಂದೀತು.

ಆ ಲ್ಯಾಬಿನಲ್ಲಿ ಇರುವುದಾದರೂ ಏನು? ಮುಖ್ಯವಾಗಿ ಮೈಕ್ರೋಕಂಟ್ರೋಲರ್ ಬೋರ್ಡು. ಅಂಗೈಯಲ್ಲಿ ಕೂರುವ ಪುಟ್ಟ ಹಲಗೆ, ಅದರ ಮೇಲೊಂದು ಚಿಪ್ಪು. ನಾವು ಬರೆದ ಆಜ್ಞೆಗಳನ್ನು ಒಂದೊಂದಾಗಿ ಪಾಲಿಸುವ ಆಳು ಎನ್ನಿ. 2005ರಲ್ಲಿ ಇಟಲಿಯ ಇವ್ರಿಯಾ ಊರಿನಲ್ಲಿ ಹುಟ್ಟಿದ ಆರ್ಡುಯಿನೊ ಇದರಲ್ಲಿ ಹೆಸರುವಾಸಿ. ಎಂಜಿನಿಯರಿಂಗ್ ಓದದವರಿಗೂ ಸುಲಭವಾಗಲೆಂದೇ ಅದನ್ನು ಮಾಡಿದ್ದು. ಅದೇ ಮಾದರಿಯ ಅಗ್ಗದ ಬೋರ್ಡು ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಮೊದಲ ಪಾಠ ಒಂದು ಪುಟ್ಟ ದೀಪ. ಒಂದು ಸೆಕೆಂಡು ಹೊತ್ತು, ಒಂದು ಸೆಕೆಂಡು ಆರು ಎಂದು ಹುಡುಗ ಬರೆಯುತ್ತಾನೆ; ದೀಪ ಹಾಗೇ ಮಿಣುಕುತ್ತದೆ. ನಡುವೆ 220 ಓಮ್‌ನ ರೆಸಿಸ್ಟರ್ ಹಾಕುವುದನ್ನು ಮರೆತರೆ ದೀಪ ಸುಟ್ಟೀತು. ಹೋದದ್ದು ಒಂದೆರಡು ರೂಪಾಯಿ. ಆದರೆ ಆ ಪಾಠ ಅವನಿಗೆ ಜನ್ಮದಲ್ಲಿ ಮರೆಯದು! ಐದು ವೋಲ್ಟಿನ ಕೆಲಸ, ಶಾಕ್ ಹೊಡೆಯುವ ಭಯವಿಲ್ಲ.

ಮುಂದಿನ ಪಾಠ ನಮ್ಮ ಹೊಲದ್ದೇ ಆಗಬಹುದು. ಎರಡು ಕಡ್ಡಿಯ ಸೆನ್ಸರನ್ನು ಮಣ್ಣಿಗೆ ಚುಚ್ಚಿದರೆ, ಹಸಿ ಮಣ್ಣಿನಲ್ಲಿ ವಿದ್ಯುತ್ತು ಹರಿಯುತ್ತದೆ, ಒಣ ಮಣ್ಣಿನಲ್ಲಿ ತಡೆಯುತ್ತದೆ. ಬೋರ್ಡು ಅದನ್ನು 0ಯಿಂದ 1023ರವರೆಗಿನ ಅಂಕಿಯಾಗಿ ತೋರಿಸುತ್ತದೆ. ಮೆಣಸಿನಕಾಯಿ ಹೊಲಕ್ಕೆ ನೀರು ಯಾವಾಗ ಬೇಕೆಂದು ಆರನೇ ಕ್ಲಾಸಿನ ಹುಡುಗಿ ಅಪ್ಪನಿಗೆ ಹೇಳಿಯಾಳು. ಕಾಲುವೆ ನೀರಿಗೆ ಕಾದು ಕೂರುವ ನಮ್ಮ ಜಿಲ್ಲೆಗೆ ಇದಕ್ಕಿಂತ ಹತ್ತಿರದ ವಿದ್ಯೆ ಬೇಕೆ?

ಮತ್ತೆ ಬೀಗ ಏಕೆ? ಮಾಸ್ತರರನ್ನೇ ಬೈದು ಫಲವಿಲ್ಲ. ಸಾಮಾನು ಸ್ಟಾಕ್ ರಿಜಿಸ್ಟರಿನಲ್ಲಿದೆ. ನಾಳೆ ಲೆಕ್ಕ ತಪಾಸಣೆಗೆ ಬಂದವರು "ಹತ್ತು ಇತ್ತು, ಎಂಟೇ ಇದೆಯಲ್ಲ?" ಎಂದರೆ ಉತ್ತರ ಕೊಡಬೇಕಾದವರು ಅವರು. ಮೇಲಾಗಿ ಇದು ಅವರು ಓದಿದ ಪಾಠವೂ ಅಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುತ್ತೇವೆ. ಇಲ್ಲಿ ಪೂಜಾರಿಯೇ ಹೆದರಿ ಕೂತಿದ್ದಾನೆ.

ಬ್ರಿಟನ್ನಿನಲ್ಲಿ 2016ರಲ್ಲಿ ಬಿಬಿಸಿ ಸಂಸ್ಥೆಯ ಮುಂದಾಳತ್ವದಲ್ಲಿ ಮೈಕ್ರೋಬಿಟ್ ಎಂಬ ಬೋರ್ಡನ್ನು ಹನ್ನೊಂದು-ಹನ್ನೆರಡು ವಯಸ್ಸಿನ ಸುಮಾರು ಹತ್ತು ಲಕ್ಷ ಮಕ್ಕಳಿಗೆ ಪುಕ್ಕಟೆ ಹಂಚಿದರು. ಗಮನಿಸಿ, ಅದು ಶಾಲೆಯ ಬೀರುವಿಗಲ್ಲ, ಮಗುವಿನ ಕೈಗೆ. ಅಷ್ಟು ನಮ್ಮಿಂದಾಗದಿದ್ದರೆ ಬೇಡ. ಸುಟ್ಟ ದೀಪ, ಮುರಿದ ತಂತಿಯನ್ನು "ಕಲಿಕೆಯ ಖರ್ಚು" ಎಂದು ಬರೆದುಕೊಳ್ಳಲು ಇಲಾಖೆ ಒಂದು ಸುತ್ತೋಲೆಯಾದರೂ ಹೊರಡಿಸಬಾರದೆ?

ಇನ್ನೊಂದು ಮಾತು. ರೇಡಿಯೋ, ಟಿವಿ, ಮೋಟರು, ಮೊಬೈಲು ರಿಪೇರಿ ಮಾಡುವವರು ನಮ್ಮ ಪೇಟೆಯಲ್ಲಿ ಕಡಿಮೆಯೇ? ಬಹಳಷ್ಟು ಮಂದಿ ಡಿಗ್ರಿ ಇಲ್ಲದೆ, ಕೈ ಸುಟ್ಟುಕೊಂಡೇ ಕಲಿತವರು. ಹೊರಗಿನ ಮಾರ್ಗದರ್ಶಕರನ್ನು ಕರೆಯಲು ಈ ಯೋಜನೆಯಲ್ಲೇ ಅವಕಾಶವಿದೆ. ಶಾಲಾಭಿವೃದ್ಧಿ ಸಮಿತಿಯವರು ಶನಿವಾರ ಒಂದು ತಾಸು ಇಂಥವರನ್ನು ಕರೆಸಲಿ. ಅಂಗಡಿಕಾರರೂ ಒಂದು ಡಬ್ಬಿ ಬಿಡಿ ಸಾಮಾನು ಕೊಟ್ಟರೆ ಬಡವರಾಗುವುದಿಲ್ಲ.

ನೀರಿಗಿಳಿಯದೆ ಈಜು ಬಾರದು. 50,000 ಲ್ಯಾಬು ಬರಲಿ, ಸಂತೋಷ. ಆದರೆ 50,000 ಬೀಗಗಳೂ ಜತೆಗೆ ಬಂದರೆ ಲಾಭ ಬೀಗದ ಅಂಗಡಿಯವನಿಗೆ ಮಾತ್ರ. ನಿಮ್ಮೂರ ಶಾಲೆಗೆ ಹೋದಾಗ "ಲ್ಯಾಬು ಇದೆಯೇ?" ಎಂದಷ್ಟೇ ಕೇಳಬೇಡಿ. ಬೀಗದ ಕೈ ಯಾರ ಹತ್ತಿರ ಐತಿ ಅಂತ ಕೇಳಿ.