ಸೂಪರ್‌ಕಂಡಕ್ಟರ್ ದಾಖಲೆ: ತಾಪಮಾನ ನೋಡಿದರೆ ಸಾಲದು, ಒತ್ತಡ ಎಷ್ಟು ಎಂದೂ ಕೇಳಬೇಕು

ವಾರಾಣಸಿ: 2023ರಲ್ಲಿ ಎರಡು ಬಾರಿ 'ಕೊಠಡಿ ತಾಪಮಾನದ ಸೂಪರ್‌ಕಂಡಕ್ಟರ್ ಸಿಕ್ಕಿತು' ಎಂಬ ಸುದ್ದಿ ಜಗತ್ತನ್ನು ಸುತ್ತಿತು. ಮಾರ್ಚ್‌ನಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ತಂಡ 21 ಡಿಗ್ರಿ ಸೆಲ್ಸಿಯಸ್ ಎಂದಿತು. ನವೆಂಬರ್‌ನಲ್ಲಿ ಆ ಪ್ರಬಂಧವನ್ನು ನೇಚರ್ ಪತ್ರಿಕೆ ಹಿಂಪಡೆಯಿತು. ಜುಲೈನಲ್ಲಿ ದಕ್ಷಿಣ ಕೊರಿಯಾದ ಎಲ್‌ಕೆ-99 ಬಂತು. ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ ಸೇರಿದಂತೆ ಹಲವೆಡೆ ಅದನ್ನು ತಯಾರಿಸಿ ನೋಡಿದಾಗ ಆ ಮಾತೂ ನಿಲ್ಲಲಿಲ್ಲ.

ಹೆಡ್‌ಲೈನ್‌ಗಳಲ್ಲಿ ಕಾಣದೇ ಹೋದದ್ದು ಒತ್ತಡದ ಅಂಕಿ. ರೋಚೆಸ್ಟರ್ ತಂಡ ಹೇಳಿದ್ದ 21 ಡಿಗ್ರಿ ವಾತಾವರಣದ ಸುಮಾರು 10,000 ಪಟ್ಟು ಒತ್ತಡದಲ್ಲಿ. ಕೊಠಡಿಯ ತಾಪಮಾನವೇನೋ ಸರಿ, ಅಂಥ ಒತ್ತಡ ಯಾರ ಕೊಠಡಿಯಲ್ಲಿದೆ?

ವಿದ್ಯುತ್ತಿಗೆ ಒಂದಿಷ್ಟೂ ತಡೆಯೊಡ್ಡದ ವಸ್ತುವೇ ಸೂಪರ್‌ಕಂಡಕ್ಟರ್. ಆ ಗುಣ ಬರುವುದು ಒಂದು ನಿರ್ದಿಷ್ಟ ತಾಪಮಾನಕ್ಕಿಂತ ಕೆಳಗೆ ಮಾತ್ರ. ಇದೇ ಸಂಕ್ರಮಣ ತಾಪಮಾನ. ಆಸ್ಪತ್ರೆಯ ಎಂಆರ್‌ಐ ಯಂತ್ರಗಳ ನಿಯೋಬಿಯಂ-ಟೈಟಾನಿಯಂ ಸುರುಳಿಯನ್ನು ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಇಡಬೇಕಾಗುತ್ತದೆ. ಭಾರತಕ್ಕೆ ಹೀಲಿಯಂ ಬರುವುದು ಆಮದಿನಿಂದ. ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ ಸಾಕೆಂದಾದರೆ ಅದನ್ನು ಗಾಳಿಯಿಂದಲೇ ತಯಾರಿಸಬಹುದು. ಸಂಕ್ರಮಣ ತಾಪಮಾನವನ್ನು ಮೇಲೇರಿಸಲು ಇಷ್ಟೆಲ್ಲ ಪೈಪೋಟಿ ನಡೆಯುತ್ತಿರುವುದು ಇದಕ್ಕಾಗಿಯೇ.

ಈ ಪೈಪೋಟಿಗೆ ದಾರಿ ತೋರಿಸಿದ್ದು ಒತ್ತಡ. 1986ರಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್ ಕಂಡುಹಿಡಿದ ಲ್ಯಾಂಥನಂ-ಬೇರಿಯಂ-ತಾಮ್ರದ ಆಕ್ಸೈಡನ್ನು ಹ್ಯೂಸ್ಟನ್‌ನ ಪಾಲ್ ಚು ಹಿಂಡಿ ನೋಡಿದರು. ಸಂಕ್ರಮಣ ತಾಪಮಾನ ಅನಿರೀಕ್ಷಿತ ವೇಗದಲ್ಲಿ ಏರಿತು. ಹೊರಗಿನಿಂದ ಹಿಂಡುವ ಬದಲು ಲ್ಯಾಂಥನಂ ಜಾಗದಲ್ಲಿ ಅದಕ್ಕಿಂತ ಚಿಕ್ಕದಾದ ಯಿಟ್ರಿಯಂ ಪರಮಾಣು ಕೂರಿಸಿದರೆ ಒಳಗಿನಿಂದಲೇ ಬಿಗಿಯಾಗಬಹುದಲ್ಲವೇ ಎಂಬುದು ಅವರ ತರ್ಕ. 1987ರ ಆರಂಭದಲ್ಲಿ ಸಿಕ್ಕ ಯಿಟ್ರಿಯಂ ಆಕ್ಸೈಡಿನ ರಚನೆಯೇ ಬೇರೆಯಾಗಿತ್ತು, ಆ ಮಾತು ಬೇರೆ. ಆದರೆ ಅದು 93 ಕೆಲ್ವಿನ್‌ಗೆ, ಅಂದರೆ ಮೈನಸ್ 180 ಡಿಗ್ರಿಗೆ ತಲುಪಿ ನೈಟ್ರೋಜನ್ ಗೆರೆಯನ್ನು ದಾಟಿತು. ಅದೇ ವರ್ಷ ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಿ.ಎನ್.ಆರ್. ರಾವ್ ತಂಡವೂ ಆ ಸಂಯುಕ್ತವನ್ನು ಗುರುತಿಸಿ ನೇಚರ್‌ನಲ್ಲಿ ಪ್ರಕಟಿಸಿತು. ರಾವ್ ಎಂ.ಎಸ್ಸಿ ಓದಿದ್ದು ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ (ಬಿಎಚ್‌ಯು).

ಒತ್ತಡ ಹೇಗೆ ಕೆಲಸ ಮಾಡುತ್ತದೆ? ಈ ಆಕ್ಸೈಡುಗಳಲ್ಲಿ ವಿದ್ಯುತ್ ಹರಿಯುವುದು ತಾಮ್ರ-ಆಮ್ಲಜನಕದ ಪದರಗಳಲ್ಲಿ. ಹಿಂಡಿದಾಗ ಪರಮಾಣುಗಳ ನಡುವಿನ ಅಂತರ ಕುಗ್ಗುತ್ತದೆ, ಪಕ್ಕದ ಪದರಗಳಿಂದ ಆವೇಶ ಇಲ್ಲಿಗೆ ಸರಿಯುತ್ತದೆ. ಆವೇಶ ಕಡಿಮೆಯಿದ್ದ ವಸ್ತುವಿಗೆ ಇದರಿಂದ ಲಾಭ. ಆಗಲೇ ಹದಕ್ಕೆ ಬಂದಿರುವ ಯಿಟ್ರಿಯಂ ಆಕ್ಸೈಡಿಗೆ ಹೆಚ್ಚೇನೂ ದಕ್ಕುವುದಿಲ್ಲ. ಹದ ಮೀರಿದರೆ ತಾಪಮಾನ ಇಳಿಯುತ್ತದೆ. ಹಿಂಡಿದಷ್ಟೂ ಏರುತ್ತದೆ ಎಂಬುದು ತಪ್ಪು ತಿಳಿವಳಿಕೆ.

ಪಾದರಸದ ಆಕ್ಸೈಡು ಮಾತ್ರ ಬಹಳ ದೂರ ಹೋಯಿತು. 1993ರಲ್ಲಿ ಸಾಮಾನ್ಯ ಒತ್ತಡದಲ್ಲೇ ಸುಮಾರು 133 ಕೆಲ್ವಿನ್. ಮರುವರ್ಷ ವಾತಾವರಣದ ಸುಮಾರು 3 ಲಕ್ಷ ಪಟ್ಟು ಒತ್ತಡದಲ್ಲಿ 164. ಬಿಎಚ್‌ಯು ಭೌತವಿಜ್ಞಾನಿ ಓಂಕಾರನಾಥ ಶ್ರೀವಾಸ್ತವ ಅವರ ತಂಡ ಪಾದರಸ, ಥ್ಯಾಲಿಯಂ ಇರುವ ಇಂಥ ಆಕ್ಸೈಡುಗಳ ಮೇಲೆ ಕೆಲಸ ಮಾಡಿತ್ತು. 2016ರಲ್ಲಿ ಪದ್ಮಶ್ರೀ ಪಡೆದು 2021ರಲ್ಲಿ ನಿಧನರಾದ ಅವರ ಇನ್ನೊಂದು ಕ್ಷೇತ್ರ ಹೈಡ್ರೋಜನ್ ಇಂಧನ.

ಕಾಕತಾಳೀಯವೋ ಏನೋ, ಇಂದು ದಾಖಲೆಗಳೆಲ್ಲ ಹೈಡ್ರೋಜನ್ ಸಂಯುಕ್ತಗಳದ್ದೇ. 2019ರಲ್ಲಿ ವರದಿಯಾದ ಲ್ಯಾಂಥನಂ ಹೈಡ್ರೈಡ್ ಸುಮಾರು 250 ಕೆಲ್ವಿನ್, ಅಂದರೆ ಮೈನಸ್ 23 ಡಿಗ್ರಿ ಮುಟ್ಟಿತು. ಅದಕ್ಕೆ ಬೇಕಾದ ಒತ್ತಡ ವಾತಾವರಣದ 17 ಲಕ್ಷ ಪಟ್ಟು. ಭೂಮಿಯ ಹೊರ ತಿರುಳಿನಲ್ಲಿ ಇರುವಂಥದ್ದು. ಎರಡು ವಜ್ರದ ತುದಿಗಳ ನಡುವೆ ಕೂದಲೆಳೆಯಷ್ಟೂ ಇಲ್ಲದ ಚೂರಿಗೆ ಅದನ್ನು ಕೊಡಬಹುದು. ಕಿಲೋಮೀಟರ್‌ಗಟ್ಟಲೆ ತಂತಿಗೆ ಕೊಡಲಾಗದು.

ಆದ್ದರಿಂದ ಈಗಿನ ನಿಜವಾದ ಸ್ಪರ್ಧೆ ಒತ್ತಡದ ಫಲವನ್ನು ಒತ್ತಡವಿಲ್ಲದೆ ಪಡೆಯುವುದು. 2021ರಲ್ಲಿ ಚು ತಂಡ ಕಬ್ಬಿಣದ ಸೆಲೆನೈಡನ್ನು ಹಿಂಡಿ, ತಣ್ಣಗಿರುವಾಗಲೇ ಥಟ್ಟನೆ ಒತ್ತಡ ತೆಗೆದು, 37 ಕೆಲ್ವಿನ್‌ವರೆಗಿನ ಸಂಕ್ರಮಣ ತಾಪಮಾನವನ್ನು ಉಳಿಸಿಕೊಂಡಿತು. 2023ರಲ್ಲಿ ಭಾರಿ ಒತ್ತಡದಲ್ಲಿ 80 ಕೆಲ್ವಿನ್ ತೋರಿಸಿದ್ದ ನಿಕಲ್ ಆಕ್ಸೈಡನ್ನು ಮರುವರ್ಷ ತೆಳು ಪದರವಾಗಿ ಬೆಳೆಸಲಾಯಿತು. ಅಡಿಯಲ್ಲಿದ್ದ ಹರಳೇ ಅದನ್ನು ಅಕ್ಕಪಕ್ಕದಿಂದ ಬಿಗಿಹಿಡಿಯಿತು. ಯಾವ ಯಂತ್ರವೂ ಹಿಂಡದೆ ಸಿಕ್ಕಿದ್ದು ಸುಮಾರು 40 ಕೆಲ್ವಿನ್. ನೈಟ್ರೋಜನ್ ಗೆರೆ ಇರುವುದು 77ರಲ್ಲಿ.